ಗೂಟನ ಹೆಬ್ಬೆರಳು

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದು ಇತ್ತು. ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಕೆಲಸದ ಕಡೆ ಎಲ್ಲರಿಗೂ ಅವನು ಗೂಟ. ಒಂದು ಕಡೆ ಕಾಲೂರಿ ನಿಂತನೆಂದರೆ ನಾಲ್ಕು ಜನ ಸೇರಿ ನೂಕಿದರೂ ಕದಲುವ ಆಸಾಮಿಯಲ್ಲ. ಸಿಟ್ಟು ಬಂದಾಗ ಹೆಂಡತಿ ಕೂಡ ಅದೇ ಹೆಸರು ಹಿಡಿಯುತ್ತಿದ್ದಳು. "ಹೀಗೆ ಬಾಗಿಲಿಗೆ ಗೂಟ ಹೊಡ್ಕೊಂಡ್ ನಿಂತ್ರೆ ನಾನು ಡ್ಯೂಟಿಗೆ ಹೋಗೋದು ಹೇಗ್ರೀ?" ಎಂದು ಅವನ ಕಂಕುಳ ಕೆಳಗೆ ತೂರಿ ಹೋಗುತ್ತಿದ್ದಳು. ಅವಳು ಅಷ್ಟೇ ಎತ್ತರ.

ದೊಡ್ಡ ಫುಟ್‌ಬಾಲ್ ಪಂದ್ಯವಿದ್ದ ದಿನ ಸ್ಟೇಡಿಯಮ್ಮಿಗೆ ಮಂತ್ರಿಗಳು ಬರುತ್ತಾರೆ, ಸಿನಿಮಾದವರು ಬರುತ್ತಾರೆ. ಆಟ ನೋಡಲು ಎಂದು ನೀವು ತಿಳಿದರೆ ನಿಮ್ಮಷ್ಟು ಸಾಧು ಜನ ಇನ್ನಿಲ್ಲ. ಅವರು ಬರುವುದು ನೋಡಿಸಿಕೊಳ್ಳಲು. ಕಾರಿನಿಂದ ಇಳಿದು ಮೇಲಿನ ಗಾಜಿನ ಕೋಣೆ ಸೇರುವ ತನಕ ಅವರ ಸುತ್ತ ಒಬ್ಬರ ಬೆಲ್ಟು ಒಬ್ಬರು ಹಿಡಿದು ನಡೆಯುವ ದಾಂಡಿಗರು ಇರುತ್ತಾರಲ್ಲ, ಅವರ ಮಾತಿನಲ್ಲಿ ಅದಕ್ಕೆ 'ಉಂಗುರ' ಎನ್ನುತ್ತಾರೆ. ಒಂದು ಕೈ ಪಕ್ಕದವನ ಬೆಲ್ಟಿನ ಮೇಲೆ, ಇನ್ನೊಂದು ಕೈ ಖಾಲಿ. ಆ ಖಾಲಿ ಕೈಯೇ ಕೆಲಸದ ಕೈ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಗೂಟ ಮತ್ತು ಅವನ ಜೊತೆಯವರು ಆ ಪೂಜಾರಿಗಳು.

ಉಂಗುರದ ಯಜಮಾನ ಸೈನ್ಯದಿಂದ ನಿವೃತ್ತನಾದ ಒಬ್ಬ ಸುಬೇದಾರ. ಹೊಸಬರಿಗೆ ಅವನ ಮೊದಲ ಪಾಠ ಒಂದೇ. "ಮುಖ ನೋಡ್ಬೇಡಿ, ಕೈ ನೋಡಿ. ಮುಖ ನಗುತ್ತೆ, ಅಳುತ್ತೆ, ನಿಮ್ಮ ಅಮ್ಮನ್ನ ನೆನಪು ಮಾಡಿಸುತ್ತೆ. ಚಾಕು ಹಿಡಿಯೋದು ಕೈ." ಎರಡನೆಯ ಪಾಠ 'ಕೆಳಗಿನ ಕೆಲಸ'. ಕ್ಯಾಮೆರಾಗಳೆಲ್ಲ ಎದೆಯಿಂದ ಮೇಲೆ ನೋಡುತ್ತವೆ. ಸೊಂಟದಿಂದ ಕೆಳಗೆ ಏನು ಮಾಡಿದರೂ ಕೇಳುವವರಿಲ್ಲ. ಚಾಚಿದ ಕೈಯನ್ನು ಸೊಂಟದ ಕೆಳಗೆ ಎಳೆದುಕೊಳ್ಳಬೇಕು. ಹಿಂಗೈ ಮೇಲೆ ಹೆಬ್ಬೆರಳು ಊರಿ, ಮಣಿಕಟ್ಟನ್ನು ಒಳಕ್ಕೆ ಮಡಿಸಿ, ಒಂದು ತಿರುವು. ಲಟ್. ಮುಖದಲ್ಲಿ ಮಾತ್ರ ನಗು ಇರಬೇಕು, ಟಿವಿಯಲ್ಲಿ ಬರುತ್ತದೆ. ಆ ಪಟ್ಟಿನಲ್ಲಿ ಗೂಟನನ್ನು ಮೀರಿಸಿದವನಿರಲಿಲ್ಲ.

ಹುಟ್ಟಾ ಕ್ರೂರಿಯೇ ಎಂದು ಕೇಳಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಮುಖಗಳನ್ನೇ ನೋಡುತ್ತಿದ್ದ. ಒಂದು ಪಂದ್ಯದ ದಿನ ಹಾಲುಗಲ್ಲದ ಹುಡುಗನೊಬ್ಬ ಹೂಗುಚ್ಛ ಹಿಡಿದು, ಬಾಯ್ತುಂಬ ನಗುತ್ತ, "ಅಣ್ಣಾ, ಸಾಹೇಬರಿಗೆ ಒಂದು ಹೂವು ಕೊಡ್ತೀನಿ" ಎಂದ. ಗೂಟನೂ ನಕ್ಕ. ಹೂವಿನೊಳಗಿನ ಚಾಕು ಮಂತ್ರಿ ಸಾಹೇಬರಿಗೆ ಬೀಳಬೇಕಾದದ್ದು, ಅಡ್ಡ ಬಂದ ಗೂಟನ ಪಕ್ಕೆಯೊಳಗೆ ಇಳಿಯಿತು. ಹುಡುಗ ಅದನ್ನು ಎಳೆದು ಮತ್ತೆ ಹಾಕಿದ, ಎಳೆದು ಮತ್ತೆ ಹಾಕಿದ. ಕೊನೆಯ ಸಲ ಹಾಕುವಾಗಲೂ ಅವನ ಮುಖದಲ್ಲಿ ಅದೇ ನಗು. ಸಾಹೇಬರು ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಆದರೆ ಆ ಆಸ್ಪತ್ರೆಯಲ್ಲಿ ದಿನಾ ಬಂದು ಗಾಯದ ಪಟ್ಟಿ ಬದಲಿಸುತ್ತಿದ್ದ ಗಿಡ್ಡ ಹೆಂಗಸು ಅವನನ್ನು ಬೈದು ಬೈದು ಊಟ ಮಾಡಿಸಿದಳು, ಬೈದು ಬೈದು ನಡೆಸಿದಳು, ಕೊನೆಗೆ ಮದುವೆಯಾಗಿ ಮನೆಗೇ ಬಂದು ಬೈಯತೊಡಗಿದಳು. ಮಕ್ಕಳಾಗಲಿಲ್ಲ. ಎರಡು ಕೋಣೆಯ ಮನೆ, ಇಬ್ಬರೇ, ಜಗಳಕ್ಕೂ ನಗುವಿಗೂ ಬರ ಇರಲಿಲ್ಲ.

ಅವಳಿಗೆ ಈಗ ಮೂಳೆ ವಿಭಾಗದ ಪ್ಲಾಸ್ಟರ್ ಕೋಣೆಯಲ್ಲಿ ಕೆಲಸ. ರೋಗಿಗಳಿಗೆ ಅವಳು ಪಟ್ಟಿಯಕ್ಕ. ಬಿಳಿ ಪುಡಿ ಹಿಡಿದ ಉದ್ದ ಮೇಜು, ಬಕೆಟ್ಟಿನಲ್ಲಿ ಬೆಚ್ಚಗಿನ ನೀರು, ಗೋಡೆಯ ಮೊಳೆಗೆ ನೇತುಹಾಕಿದ ಕತ್ತರಿಗಳು. ಮುರಿದ ಕೈಯನ್ನು ಒಬ್ಬರು ಎಳೆದು ಹಿಡಿಯಬೇಕು, ಇನ್ನೊಬ್ಬರು ಪಟ್ಟಿ ಸುತ್ತಬೇಕು. "ಗಂಡ ಮುರೀತಾನೆ, ಹೆಂಡ್ತಿ ಕಟ್ತಾಳೆ, ಒಳ್ಳೆ ಜೋಡಿ ಅಂಗಡಿ" ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಆ ತಮಾಷೆಯಲ್ಲಿ ನಿಜ ಇಷ್ಟಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಸೆಮಿಫೈನಲ್ ಆದ ಮರುದಿನ. ಅವಳ ಮೇಜಿಗೆ ಒಬ್ಬ ದರ್ಜಿ ಬಂದ. ಬಲಗೈ ಮಣಿಕಟ್ಟಿನ ಮೇಲೆ, ಕಿರುಬೆರಳಿನ ಕಡೆಯ ಮೂಳೆ ಮುರಿದಿತ್ತು. ಅವನ ಹಿಂದೆ ಒಬ್ಬ ಕಾಲೇಜು ಹುಡುಗಿ, ಅದೇ ಜಾಗ. ಅವಳ ಹಿಂದೆ ಒಬ್ಬ ಮುದುಕ, ಅದೇ ಜಾಗ. ಬಿದ್ದು ಮುರಿದುಕೊಂಡವರ ಕೈ ಹೀಗೆ ಒಂದೇ ತರ ಇರುವುದಿಲ್ಲ. ಮೂರೂ ಕೈಗಳ ಹಿಂಗೈ ಮೇಲೆ ಒಂದೊಂದು ಕಪ್ಪು ಕಲೆ, ಅಗಲವಾದ ಹೆಬ್ಬೆರಳಿನ ಗುರುತು. ಅಷ್ಟು ಅಗಲದ ಹೆಬ್ಬೆರಳನ್ನು ಅವಳು ದಿನಾ ಬೆಳಿಗ್ಗೆ ಕಾಫಿ ಲೋಟದ ಮೇಲೆ ನೋಡುತ್ತಿದ್ದಳು.

ಸಂಜೆ ಮನೆಗೆ ಬಂದವಳೇ ಚೀಲ ಕೂಡ ಇಳಿಸಲಿಲ್ಲ. "ಕೈ ಕೊಡಿ ಇಲ್ಲಿ" ಎಂದಳು. ಕೊಟ್ಟ. ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಿನ್ನೆ ಒಬ್ಬ ದರ್ಜಿ ಬಂದಿದ್ನಾ ನಿಮ್ಮ ಹತ್ರ?"

"ದರ್ಜಿನೋ ಮರ್ಜಿನೋ, ನಾನೇನು ಅವನ ಜಾತಕ ಕೇಳ್ತೀನಾ? ಹೀರೋ ಕಡೆ ಕೈ ಹಾಕ್ದ. ಕೈಯಲ್ಲಿ ಏನೋ ಇತ್ತು."

"ಅಂಗಿ ಇತ್ತು ಕಣ್ರೀ! ಹೀರೋಗೆ ಅಂತ ತಿಂಗಳುಗಟ್ಟಲೆ ಕೂತು ಹೊಲಿದಿದ್ನಂತೆ. ಇನ್ನು ಅವನು ಸೂಜಿ ಹಿಡಿಯೋದು ಯಾವಾಗ? ಹೆಂಡ್ತಿ ಮಕ್ಕಳು ಮಣ್ಣು ತಿನ್ನಬೇಕಾ?"

"ಹೂವಿನ ಒಳಗೂ ಚಾಕು ಇರುತ್ತೆ ಕಣೇ. ನಿಂಗೆ ಗೊತ್ತಿಲ್ವಾ? ನೀನೇ ಹೊಲಿಗೆ ಬಿಚ್ಚಿದ್ದು."

"ಒಬ್ಬ ಪಾಪಿ ಚುಚ್ಚಿದ ಅಂತ ಊರಿನ ಕೈಯೆಲ್ಲಾ ಮುರೀತೀರಾ?"

ಗೂಟ ಗಂಟಲು ಏರಿಸಿದ. ಅವಳು ಏರಿಸಲಿಲ್ಲ. ಚೀಲ ಮೊಳೆಗೆ ಹಾಕಿ, ಕೈ ತೊಳೆದು, ತಣ್ಣಗೆ ಹೇಳಿದಳು. "ಕೇಳಿ. ಈ ಹೆಬ್ಬೆರಳಿನ ಗುರುತಿರೋ ಕೈ ಇನ್ನೊಂದೇ ಒಂದು ನನ್ನ ಮೇಜಿಗೆ ಬರಲಿ. ಅವತ್ತು ನಾನು ಅಕ್ಕನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ."

ಅವಳು ಬೈದಾಗ ಅವನು ಹೆದರುತ್ತಿರಲಿಲ್ಲ. ತಣ್ಣಗೆ ಮಾತಾಡಿದಾಗ ಅವನ ಜೀವವೇ ಬಾಯಿಗೆ ಬಂತು. ಅವಳಿಲ್ಲದ ಆ ಎರಡು ಕೋಣೆ ಅವನಿಗೆ ಒಂದು ಸಲ ಕಣ್ಣ ಮುಂದೆ ಬಂದು ಹೋಯಿತು. ಆಣೆಗೀಣೆ ಬೇಡ ಎಂದು ಅವಳೇ ತಡೆದಳು. ಆದರೂ ಮಾತು ಕೊಟ್ಟ. ನೂಕುತ್ತೇನೆ, ತಡೆಯುತ್ತೇನೆ, ಹೊಡೆತ ತಿನ್ನುತ್ತೇನೆ, ಮುರಿಯುವುದಿಲ್ಲ.

ಮರುದಿನವೇ ಸುಬೇದಾರನ ಹತ್ತಿರ ಹೋಗಿ ಫೈನಲ್ಲಿಗೆ ತನ್ನನ್ನು ಉಂಗುರದ ಹಿಂದಕ್ಕೆ ಹಾಕಬೇಕೆಂದ. ಹಿಂದೆ ಬರುವ ಕೈಗಳು ಕಡಿಮೆ. ಸುಬೇದಾರ ಅವನನ್ನು ಮೇಲಿಂದ ಕೆಳಗೆ ನೋಡಿ, "ಯಾಕಪ್ಪಾ, ಮನೆಯಾಕೆ ಕಿವಿ ಹಿಂಡಿದ್ಲಾ?" ಎಂದ. ಎಲ್ಲರೂ ನಕ್ಕರು. ಗೂಟನೂ ನಕ್ಕ. ಕಿವಿ ಹಿಂಡಿದ್ದರೆ ಎಷ್ಟೋ ವಾಸಿಯಿತ್ತು. ನಕ್ಕರೂ ಸುಬೇದಾರ ಕೇಳಿದ ಜಾಗ ಕೊಟ್ಟ.

ಅದೇ ಫೈನಲ್ಲಿಗೆ ಪ್ರಥಮ ಚಿಕಿತ್ಸೆಗೆಂದು ಆಸ್ಪತ್ರೆಯಿಂದ ಪಟ್ಟಿಯಕ್ಕನನ್ನೂ ಕಳಿಸಿದರು. ಅವಳ ಟೇಬಲ್ಲು ಪೂರ್ವದ ಗೇಟಿನಲ್ಲಿ. ಮಂತ್ರಿ ಸಾಹೇಬರು ಮತ್ತು ಸಿನಿಮಾ ಹೀರೋ ಹತ್ತಿ ಇಳಿಯುವುದು ಪಶ್ಚಿಮದ ಸುರಂಗದಲ್ಲಿ. ನಡುವೆ ಇಡೀ ಮೈದಾನ. "ನೀವು ಆ ಕಡೆ, ನಾನು ಈ ಕಡೆ. ಇವತ್ತಾದ್ರೂ ನನ್ನ ಟೇಬಲ್ ಖಾಲಿ ಇಡಿ" ಎಂದು ಗೇಟಿನಲ್ಲಿ ಅವನ ಜೇಬಿಗೆ ಬಿಸ್ಕತ್ ಪೊಟ್ಟಣ ತುರುಕಿ ಹೋದಳು.

ಅವನು ಇಟ್ಟನಪ್ಪಾ! ಒಳಗೆ ಬರುವಾಗ ಒಬ್ಬ ಅವನ ಮುಂಗೈ ಕಚ್ಚಿದ, ಹಲ್ಲು ಮೂಳೆ ತಾಕುವ ಹಾಗೆ. ಗೂಟ ಕೈ ಎಳೆದುಕೊಂಡನೇ ಹೊರತು ಮುರಿಯಲಿಲ್ಲ. ಒಬ್ಬ ಮುಖಕ್ಕೆ ಉಗಿದ. ಒರೆಸಿಕೊಂಡ. ನೀರು ತುಂಬಿದ ಬಾಟಲಿಯೊಂದು ಮೇಲಿನ ಸಾಲಿನಿಂದ ಬಂದು ಹುಬ್ಬಿನ ಮೇಲೆ ಬಿದ್ದು ಸೀಳಿತು. ರಕ್ತ ಕಣ್ಣೊಳಗೆ ಇಳಿಯಿತು. ಪಕ್ಕದವನು "ಏ ಗೂಟ, ಹೊಡಿಯೋ, ಏನ್ ಸನ್ಯಾಸಿ ಆಗ್ಬಿಟ್ಯಾ?" ಎಂದು ಗದರಿದ. ಇವನು ಒಂದೇ ಕಣ್ಣಲ್ಲಿ ಕೈಗಳನ್ನು ನೋಡುತ್ತ ತೋಳಿನಿಂದ ನೂಕಿದ, ಭುಜದಿಂದ ನೂಕಿದ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಇಟ್ಟುಕೊಂಡಿದ್ದ. ಅಷ್ಟು ಹೊಡೆತ ತಿಂದ ದಿನವೇ ಅವನಿಗೆ ಎಂದೂ ಇಲ್ಲದ ಹಗುರ. ಸಂಜೆ ಅವಳ ಮುಂದೆ ಹೋಗಿ ಹರಿದ ಹುಬ್ಬು ತೋರಿಸಬೇಕು, ಅವಳು ಬೈಯುತ್ತ ಹೊಲಿಗೆ ಹಾಕಬೇಕು, ಇಷ್ಟೇ ಅವನ ತಲೆಯಲ್ಲಿ ಇದ್ದದ್ದು.

ಪಂದ್ಯ ಮುಗಿಯುವ ಹೊತ್ತಿಗೆ ಊರಿನ ತಂಡ ಹಾಕಿದ ಗೋಲನ್ನು ರೆಫರಿ ಇಲ್ಲವೆಂದ. ಸೋತರು. ಜನ ಕುರ್ಚಿ ಕಿತ್ತು ಎಸೆಯತೊಡಗಿದರು. ಎಲ್ಲಿಯದೋ ಕಬ್ಬಿಣದ ಸಲಾಕೆ ಬಂತು, ಗಾಜು ಬಂತು, ಪೂರ್ವದ ಕಡೆ ಪೊಲೀಸರ ಲಾಠಿಗಳು ಏಳುವುದು ಬೀಳುವುದು ಕಾಣುತ್ತಿತ್ತು. ಸುರಂಗದಲ್ಲಿ ಸೀದಾ ಇಳಿದು ಹೋಗಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ಸಾಹೇಬರಿಗೆ ಇದ್ದಕ್ಕಿದ್ದಂತೆ ಜನರ ಮೇಲೆ ಪ್ರೀತಿ ಉಕ್ಕಿತು. "ಸೋತಾಗ ಜನರ ಮಧ್ಯೆ ಕಾಣಿಸ್ಕೋಬೇಕು ಕಣ್ರೀ. ಟಿವಿಯವರು ಎಲ್ಲಾ ಆ ಕಡೆ ಇದಾರೆ. ಹೀರೋನೂ ಬರಲಿ" ಎಂದು ಪೂರ್ವದ ಗೇಟಿನ ಕಡೆ ಕೈ ತೋರಿಸಿದರು. ಸುಬೇದಾರ ಬೇಡವೆಂದ. ಸಾಹೇಬರು ಅವನನ್ನು ಒಂದು ನೋಟ ನೋಡಿದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿಗೆ ಯಾವ ಸುಬೇದಾರ ಲೆಕ್ಕ? ಉಂಗುರ ಪೂರ್ವಕ್ಕೆ ತಿರುಗಿತು.

ಗೇಟಿನ ಹತ್ತಿರ ಹೀರೋನನ್ನು ಕಂಡು ಒಂದು ಅಲೆ ಮುಂದೆ ನುಗ್ಗಿತು. ಸಾಹೇಬರನ್ನು ಕಂಡು ಬೈಗುಳದ ಇನ್ನೊಂದು ಅಲೆ ಎದುರಿನಿಂದ ನುಗ್ಗಿತು. ನಡುವಿನ ಕಬ್ಬಿಣದ ಬೇಲಿ ಮಡಿಸಿಕೊಂಡು ಬಿತ್ತು. ಅದರ ಮೇಲೆ ಒರಗಿದ್ದವರು ಬಿದ್ದರು, ಅವರ ಮೇಲೆ ಹಿಂದಿನವರು ಬಿದ್ದರು. ಪ್ರಥಮ ಚಿಕಿತ್ಸೆಯ ಟೇಬಲ್ಲು ತಲೆಕೆಳಗಾಯಿತು. ಉಂಗುರದ ಕಾಲ ಕೆಳಗೆ ನೆಲ ಮೆತ್ತಗಾಯಿತು. ಮೆತ್ತಗಿದ್ದದ್ದು ನೆಲವಲ್ಲ ಎಂದು ಎಲ್ಲರಿಗೂ ಗೊತ್ತು, ಯಾರೂ ಕೆಳಗೆ ನೋಡಲಿಲ್ಲ. ಸುಬೇದಾರ ಕಿರುಚುತ್ತಿದ್ದ. "ನಿಲ್ಬೇಡಿ! ನಡೀರಿ! ನಿಲ್ಬೇಡಿ!"

ಆಗ ಕೆಳಗಿನಿಂದ ಒಂದು ಕೈ ಬಂದು ಗೂಟನ ಬೆಲ್ಟು ಹಿಡಿಯಿತು.

ಹಿಂದಿನವನ ಬೆಲ್ಟು ಹಿಡಿದು ಬೀಳಿಸಿದರೆ ಉಂಗುರ ಬಿಚ್ಚುತ್ತದೆ. ಅದು ತಿಳಿದವರ ಕೆಲಸ. ಮೇಲಾಗಿ ಆ ಕೈಯಲ್ಲಿ ರಬ್ಬರಿನ ಗ್ಲೌಸು. ಸುಬೇದಾರನ ಮೂರನೆಯ ಪಾಠ ಅದೇ ಆಗಿತ್ತು: ಗ್ಲೌಸು ಹಾಕಿದ ಕೈ ಬೆರಳಚ್ಚು ಉಳಿಸದೆ ಹೋಗುವ ಕೈ, ತಯಾರಾಗಿ ಬಂದ ಕೈ, ಅದಕ್ಕೆ ಕನಿಕರ ತೋರಿಸಿದವನು ಸತ್ತ. ಗೂಟನ ಪಕ್ಕೆಯ ಹಳೆಯ ಗಾಯಗಳೆಲ್ಲ ಒಟ್ಟಿಗೆ ಉರಿದವು. ಮುಷ್ಟಿಯೊಳಗಿನ ಹೆಬ್ಬೆರಳು ತಾನಾಗಿ ಹೊರಬಂತು. ಹಿಂಗೈ ಮೇಲೆ ಊರಿತು. ಮಡಿಸಿತು, ತಿರುಗಿಸಿತು.

ಲಟ್ ಎಂದಿತು. ಆ ಗದ್ದಲದಲ್ಲಿ ಅದು ಯಾರಿಗೂ ಕೇಳುವಂಥದ್ದಲ್ಲ. ಅವನಿಗೆ ಮಾತ್ರ ಬೆರಳಿನ ಮೂಲಕ ಕೇಳಿಸಿತು.

ಮುರಿದ ಕೈ ಬಿಟ್ಟು ಹೋಗುತ್ತದೆ. ಇದು ಹೋಗಲಿಲ್ಲ. ಮಣಿಕಟ್ಟು ಸೊಟ್ಟಗೆ ಜೋತುಬಿದ್ದಿದ್ದರೂ ಎರಡು ಬೆರಳು ಬೆಲ್ಟಿಗೆ ಕೊಕ್ಕೆ ಹಾಕಿಕೊಂಡೇ ಇದ್ದವು. ಇಷ್ಟು ವರ್ಷದಲ್ಲಿ ಹಾಗೆ ಹಿಡಿದುಕೊಂಡ ಕೈಯನ್ನು ಅವನು ಕಂಡಿರಲಿಲ್ಲ. ಪಾಠ ಮರೆತು ಕೆಳಗೆ ನೋಡಿದ. ಕಾಲುಗಳ ನಡುವೆ ಅವನ ಹೆಂಡತಿಯ ಮುಖ ಇತ್ತು. ಬಾಯಿ ಅಗಲವಾಗಿ ತೆರೆದು ಏನೋ ಕೂಗುತ್ತಿದ್ದಳು. ಅವಳ ಮೈಕೆಳಗೆ ನೀರಿನ ಬಾಟಲಿ ಮಾರುವ ಹೆಂಗಸೊಬ್ಬಳು ಅಂಗಾತ ಬಿದ್ದಿದ್ದಳು. ತುಟಿ ನೀಲಿಯಾಗಿತ್ತು. ಉಂಗುರದ ಬೂಟುಗಳು ಆ ಹೆಂಗಸಿನ ಕಾಲಿನ ಮೇಲೆ ಹಾದು ಹೋಗುತ್ತಿದ್ದವು. ಅವನನ್ನು ನಿಲ್ಲಿಸಲು, ಇಷ್ಟು ಜನ ಒಬ್ಬರ ಮೇಲೆ ನಡೆಯುತ್ತಿದ್ದಾರೆ ಎಂದು ಹೇಳಲು ಹೆಂಡತಿಗೆ ಸಿಕ್ಕಿದ್ದು ಅವನ ಬೆಲ್ಟು.

"ಅಯ್ಯೋ, ನೀನೇನೇ?" ಎಂದನಂತೆ. ಅವನಿಗೇ ನೆನಪಿಲ್ಲ, ಅವಳು ಆಮೇಲೆ ಹೇಳಿದ್ದು.

ಗೂಟ ಪಕ್ಕದವನ ಬೆಲ್ಟು ಬಿಟ್ಟ. ಉಂಗುರ ಬಿಚ್ಚಿಕೊಂಡಿತು. ಸುಬೇದಾರ "ಗೂಟಾ! ಥೂ ನಿನ್ನ!" ಎಂದು ಕೂಗಿದ್ದು, ಬಿಚ್ಚಿದ ಕಡೆಯಿಂದ ಜನ ನುಗ್ಗಿ ಸಾಹೇಬರ ಕಾಲರ್ ಹಿಡಿದು ಕೆನ್ನೆಗೆ ಎರಡು ಬಾರಿಸಿದ್ದು, ಹೀರೋ ಶರ್ಟು ಹರಿಸಿಕೊಂಡು ಪೊಲೀಸ್ ವ್ಯಾನಿಗೆ ಓಡಿದ್ದು ಎಲ್ಲ ಟಿವಿಯಲ್ಲಿ ಬಂತು. ಇವನಿಗೆ ಅದು ಯಾವುದೂ ಕಾಣಲಿಲ್ಲ. ಇಬ್ಬರು ಹೆಂಗಸರ ಆಚೆ ಈಚೆ ಕಾಲೂರಿ, ಜನಕ್ಕೆ ಬೆನ್ನು ಕೊಟ್ಟು, ಬಿದ್ದ ಬೇಲಿಯ ಕಂಬ ಹಿಡಿದು ನಿಂತ. ಬೆನ್ನ ಮೇಲೆ ಜನ ಬಿದ್ದರು. ಯಾರೋ ಕುರ್ಚಿಯ ಕಾಲಿನಿಂದ ಬಾರಿಸಿದರು. ಪಕ್ಕೆಯಲ್ಲಿ ಏನೋ ಮುರಿಯಿತು. ಕದಲಲಿಲ್ಲ.

ಕೆಳಗೆ ಅವಳು ಬಾಟಲಿ ಮಾರುವವಳ ಪಕ್ಕದಲ್ಲಿ ಮಂಡಿಯೂರಿ ಎದೆಯನ್ನು ಎಡಗೈ ಒಂದರಲ್ಲೇ ಒತ್ತುತ್ತಿದ್ದಳು. ಆ ಕೆಲಸಕ್ಕೆ ಎರಡು ಕೈ ಬೇಕು, ಇಡೀ ಮೈಭಾರ ಬೇಕು. ಒಂದು ಕೈ ಜಾರುತ್ತಿತ್ತು. ಬಲಗೈ ಊರಲು ಹೋದಳು, ನೋವಿಗೆ ಕೂಗಿ ಎತ್ತಿದಳು. ಮತ್ತೆ ಊರಿದಳು, ಮತ್ತೆ ಕೂಗಿದಳು. ಮೊಣಕೈಯಲ್ಲಿ ಒತ್ತಿದಳು. "ರೀ, ಬಗ್ಗಿ! ನೀವು ಒತ್ತಿ!" ಎಂದಳು. ಅವನು ಬಗ್ಗಿದರೆ ಬೆನ್ನಿನ ಮೇಲಿದ್ದವರೆಲ್ಲ ಆ ಇಬ್ಬರ ಮೇಲೆ ಬೀಳುತ್ತಿದ್ದರು. "ಆಗಲ್ವೇ, ಆಗಲ್ವೇ" ಎಂದು ಆ ದಾಂಡಿಗ ಗಳಗಳ ಅತ್ತ. ಜನ ಚದುರಿ ಸ್ಟ್ರೆಚರ್ ಬರುವ ಹೊತ್ತಿಗೆ ಅವಳು ಒತ್ತುವುದನ್ನು ನಿಲ್ಲಿಸಿದ್ದಳು. ಬಾಟಲಿ ಮಾರುವವಳ ಕಣ್ಣು ಎಡಗೈಯಿಂದ ಮುಚ್ಚಿದಳು.

ಪ್ಲಾಸ್ಟರ್ ಕೋಣೆಯಲ್ಲಿ ಮೇಜಿನ ಮುಂದೆಲ್ಲ ಸಾಲು. ಸಿಬ್ಬಂದಿ ಸಾಲದು. ಅವಳ ಸರದಿ ಬಂದಾಗ ಕೈ ಎಳೆದು ಹಿಡಿಯಲು ಯಾರೂ ಇರಲಿಲ್ಲ. ಡಾಕ್ಟರು ಬೇಸತ್ತು, "ಜೊತೆಗೆ ಯಾರಾದ್ರೂ ಬಂದಿದಾರಾ?" ಎಂದರು. ಅವಳು ಗೋಡೆಗೆ ಒರಗಿ ಕೂತಿದ್ದ ಗಂಡನ ಕಡೆ ಗಲ್ಲ ತೋರಿಸಿದಳು. ಗೂಟ ಬಂದು ಅವಳ ಬೆರಳು ಹಿಡಿದ. ಡಾಕ್ಟರು ಗ್ಲೌಸು ಕತ್ತರಿಸಿ ತೆಗೆದರು. ಕೆಳಗೆ ಆಗಲೇ ಕಪ್ಪು ಕಲೆ ಕಟ್ಟಿತ್ತು. ಅಗಲವಾದ ಹೆಬ್ಬೆರಳು.

"ಎಳೀರಿ" ಎಂದಳು ಅವಳು. "ಭಯ ಬೇಡ. ಎಲ್ಲಿ ಮುರಿದಿದೆ ಅಂತ ನಿಮಗೇ ಗೊತ್ತಲ್ಲ."

ಎಳೆದ. ಅವಳು ತುಟಿ ಕಚ್ಚಿದಳು, ಕೂಗಲಿಲ್ಲ.

ಕೆಲಸ ಅವತ್ತೇ ಹೋಗಿತ್ತು. ಮರುದಿನ ಬೆಳಿಗ್ಗೆ ಅವಳು ಅಟ್ಟದ ಮೇಲಿನ ಚೀಲ ಇಳಿಸಿಕೊಡಿ ಎಂದಳು. ಇಳಿಸಿಕೊಟ್ಟ. ಒಂದೇ ಕೈಯಲ್ಲಿ ಬಟ್ಟೆ ಮಡಿಸಲು ಬಾರದು. ಅವನೇ ಮಡಿಸಿದ, ಅವಳು ಯಾವುದೆಂದು ತೋರಿಸಿದಳು.

"ನನ್ನ ಕೆಲಸ ಹೋಯ್ತಲ್ಲೇ" ಎಂದ ಕೊನೆಗೆ. "ಇನ್ನು ಯಾರ ಕೈನೂ ಮುಟ್ಟಲ್ಲ. ನಿನ್ನೆ ಬೆಳಗ್ಗೆಯಿಂದ ಎಷ್ಟು ತಡ್ಕೊಂಡಿದ್ದೆ ಗೊತ್ತಾ? ಕಚ್ಚಿದ್ರು, ಉಗುದ್ರು. ಒಬ್ಬರದ್ದೂ ಮುರೀಲಿಲ್ಲ. ನೀನು ಅಂತ ಗೊತ್ತಿದ್ರೆ..."

"ನಾನು ಅಂತ ಗೊತ್ತಿದ್ರೆ ಬಿಡ್ತಿದ್ರಿ. ಅದು ನಂಗೊತ್ತು." ಅವಳು ಚೀಲದ ಕಡೆಯೇ ನೋಡುತ್ತಿದ್ದಳು. "ನನ್ನ ಕೈ ಬಿಡಿ, ಕೂಡ್ಕೊಳುತ್ತೆ. ನಾನು ನಿಮ್ಮ ಬೆಲ್ಟು ಹಿಡಿದಾಗ ಅವಳ ಎದೆ ಇನ್ನೂ ಬಡ್ಕೋತಿತ್ತು ಕಣ್ರೀ. ನನಗೆ ಎರಡು ಕೈ ಇದ್ದಿದ್ರೆ ಅವಳು ಬದುಕ್ತಿದ್ಲು. ನಿಮ್ಮ ಮುಖ ನೋಡ್ದಾಗೆಲ್ಲ ನನಗೆ ಅದೇ ನೆನಪಾಗುತ್ತೆ. ನಾನೇನು ಮಾಡ್ಲಿ?"

ಜಿಪ್ಪು ಎಳೆಯಲು ಹೋದಳು. ಚೀಲದ ಬಾಯಿ ಹಿಡಿಯುವುದಕ್ಕೆ ಒಂದು ಕೈ, ಎಳೆಯುವುದಕ್ಕೆ ಒಂದು ಕೈ ಬೇಕು. ಅರ್ಧಕ್ಕೆ ಸಿಕ್ಕಿಕೊಂಡಿತು. ಎರಡು ಸಲ ಎಳೆದು ಕೈಬಿಟ್ಟಳು. ಗೂಟ ಬಂದು ಬಗ್ಗಿ, ಬಾಯಿ ಕೂಡಿಸಿ ಹಿಡಿದು, ಹೆಬ್ಬೆರಳಿನಿಂದ ಜಿಪ್ಪನ್ನು ಕೊನೆಯ ತನಕ ಎಳೆದು ಮುಚ್ಚಿದ. ಚೀಲದ ಪಟ್ಟಿಯನ್ನು ಅವಳ ಎಡ ಹೆಗಲಿಗೆ ಏರಿಸಿದ.

ಆಮೇಲೆ ಹೋಗಿ ಬಾಗಿಲಲ್ಲಿ ನಿಂತುಬಿಟ್ಟ. ಬೇಕೆಂದು ನಿಂತದ್ದಲ್ಲ, ಕಾಲುಗಳು ಅಲ್ಲಿಗೆ ಹೋಗಿದ್ದವು. ಇಡೀ ಬಾಗಿಲು ತುಂಬಿ ನಿಂತ. ಅವಳು ಎದುರಿಗೆ ಬಂದು ನಿಂತಳು. ಹಿಂದಿನ ಹಾಗೆ ಕಂಕುಳ ಕೆಳಗೆ ತೂರಿ ಹೋಗಲು ಪ್ಲಾಸ್ಟರ್ ಹಾಕಿದ ಕೈ ಬಿಡುತ್ತಿರಲಿಲ್ಲ.

"ದಾರಿ ಬಿಡಿ" ಎಂದಳು.

ನಾಲ್ಕು ಜನ ನೂಕಿದರೂ ಕದಲದ ಗೂಟ ಪಕ್ಕಕ್ಕೆ ಸರಿದು ದಾರಿ ಬಿಟ್ಟ.